ಪಹಣಿ, ಬೆರಳಚ್ಚು ಹಾಗೂ ಮಾಹಿತಿಯ ಹಕ್ಕು



ಗಣಕಯಂತ್ರವು ಕರ್ನಾಟಕದ ಕೃಷಿಕನ ಬಳಿಗೆ ಮೊದಲು ಬಂದದ್ದು ಪಹಣಿಯ ರೂಪದಲ್ಲಿ. 2000ದ ಸುಮಾರಿಗೆ ಜಾರಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಿಂದ ತಾಲೂಕು ಕಚೇರಿಯ ಗಣಕಯಂತ್ರಕ್ಕೆ ಸ್ಥಳಾಂತರಗೊಂಡವು. ಲೆಕ್ಕಿಗರನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದ ಕುಮಟೆಯ ಗದ್ದೆಗಾರನಿಗೆ, ಹೊನ್ನಾವರದ ತೋಟಿಗನಿಗೆ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ದೊರೆಯುವಂತಾಯಿತು. ಅದು ಸಣ್ಣ ಸುಧಾರಣೆಯಲ್ಲ.

ಆ ಯೋಜನೆಯ ಎರಡು ವಿವರಗಳು ಇಂದು ಬಹುತೇಕ ಮರೆತುಹೋಗಿವೆ. ಮೊದಲನೆಯದು, ಅಲ್ಲಿ ಬೆರಳಚ್ಚು ಕೊಡಬೇಕಾಗಿದ್ದವನು ಕೃಷಿಕನಲ್ಲ, ಸರಕಾರಿ ನೌಕರ. ಗಣಕಯಂತ್ರವನ್ನು ತೆರೆಯುವ ಪ್ರತಿ ಸಿಬ್ಬಂದಿಯೂ ತನ್ನ ಹೆಬ್ಬೆರಳನ್ನು ಒತ್ತಿ ಒಳಹೋಗಬೇಕಿತ್ತು. ಯಾರ ಹೆಸರು ಯಾವಾಗ ತೆಗೆಯಲ್ಪಟ್ಟಿತು, ತೆಗೆದವರು ಯಾರು ಎಂಬುದಕ್ಕೆ ಆ ಬೆರಳೇ ಸಾಕ್ಷಿ. ಎರಡನೆಯದು, ಕಿಟಕಿಯಲ್ಲಿ ಎರಡು ಪರದೆಗಳಿರಬೇಕೆಂಬ ಏರ್ಪಾಡು. ಒಂದು ನೌಕರನ ಕಡೆಗೆ, ಇನ್ನೊಂದು ಸರತಿಯಲ್ಲಿ ನಿಂತ ಕೃಷಿಕನ ಕಡೆಗೆ. ಒಳಗೆ ಏನು ಬೆರಳಚ್ಚಿಸಲಾಗುತ್ತಿದೆ ಎಂಬುದು ಹೊರಗೆ ನಿಂತವನಿಗೂ ಕಾಣಬೇಕೆಂಬುದು ಅದರ ಉದ್ದೇಶ. ಅದೇ ಕಾಲದಲ್ಲಿ, ಕೇಂದ್ರದ 2005ರ ಕಾಯ್ದೆಗಿಂತ ಮೊದಲೇ, ಕರ್ನಾಟಕವು ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು, ಅಂದರೆ 2000ದ ಕಾಯ್ದೆಯನ್ನು, ರೂಪಿಸಿತ್ತು. ಅಧಿಕಾರವು ಜನರ ಕಣ್ಣಿಗೆ ಬೀಳಬೇಕೆಂಬ ಒಂದೇ ಮನೋಧರ್ಮ ಈ ಎರಡರ ಹಿಂದೆಯೂ ಇತ್ತು.

ಇಪ್ಪತ್ತೈದು ವರ್ಷಗಳಲ್ಲಿ ಯಂತ್ರ ಸುಧಾರಿಸಿದೆ. ಬೆರಳು ಮಾತ್ರ ಬದಲಾಗಿದೆ. ಪಡಿತರಕ್ಕೆ ಕೃಷಿಕನ ಬೆರಳು, ಪಿಎಂ ಕಿಸಾನ್ ಹಣಕ್ಕೆ ಗುರುತಿನ ದೃಢೀಕರಣ, ಇಲಾಖೆಯ ಸಹಾಯಧನಕ್ಕೆ ‘ಫ್ರೂಟ್ಸ್’ ಸಂಖ್ಯೆ, 2020ರಿಂದ ಬೆಳೆ ಸಮೀಕ್ಷೆಗೆ ತನ್ನದೇ ಮೊಬೈಲಿನಿಂದ ತನ್ನದೇ ಹೊಲದ ಚಿತ್ರ, 2024ರಲ್ಲಿ ಪಹಣಿಗೆ ಆಧಾರ್ ಜೋಡಣೆ. ಪ್ರತಿಯೊಂದಕ್ಕೂ ಸಮರ್ಥನೆಯುಂಟು. ಸತ್ತವರ ಹೆಸರಿನಲ್ಲಿ ಜಮೀನು ಮಾರುವವರು, ಪರವೂರಿನಲ್ಲಿರುವವರ ತೋಟವನ್ನು ಸುಳ್ಳು ಸಹಿಯಿಂದ ಪರಭಾರೆ ಮಾಡುವವರು ಇದ್ದಾರೆ; ಅಂಥವರನ್ನು ತಡೆಯಲು ಗುರುತಿನ ಜೋಡಣೆ ಉಪಯುಕ್ತವೇ. ಆದರೆ ಸಂಗ್ರಹಿಸಿದ್ದನ್ನು ಕಾಯುವ ಹೊಣೆ ಯಾರದು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಅಷ್ಟು ಸಮಾಧಾನಕರವಾಗಿಲ್ಲ.

2023ರ ಉದಾಹರಣೆ ಕರಾವಳಿಯದೇ. ಆ ವರ್ಷ ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ‘ಕಾವೇರಿ 2.0’ ತಂತ್ರಾಂಶ ಜಾರಿಗೆ ಬಂತು. ಕೆಲವೇ ತಿಂಗಳಲ್ಲಿ ಮಂಗಳೂರಿನ ಕಡೆ ವಿಚಿತ್ರವಾದ ದೂರುಗಳು ದಾಖಲಾಗತೊಡಗಿದವು. ಆಸ್ತಿ ನೋಂದಣಿ ಮಾಡಿಸಿಕೊಂಡು ಬಂದವರ ಬ್ಯಾಂಕ್ ಖಾತೆಗಳಿಂದ ಹಣ ಮಾಯವಾಗಿತ್ತು. ಅವರು ಯಾರಿಗೂ ಗುಪ್ತಸಂಖ್ಯೆ ಹೇಳಿರಲಿಲ್ಲ, ಯಾವ ಕೊಂಡಿಯನ್ನೂ ಒತ್ತಿರಲಿಲ್ಲ, ಒಟಿಪಿಯೂ ಬಂದಿರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಮಂಗಳೂರು ಪೊಲೀಸರು ಬಿಹಾರದ ಆರೋಪಿಗಳನ್ನು ಬಂಧಿಸಿದಾಗ ವಿಧಾನ ಬಯಲಾಯಿತು. ನೋಂದಾಯಿತ ಪತ್ರಗಳ ಪ್ರತಿಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತನ್ನು ಪಡೆದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾಗಿತ್ತು ಎಂಬುದು ತನಿಖೆಯ ಸಾರ.

ಈ ಪಾವತಿ ವ್ಯವಸ್ಥೆಯನ್ನು ತಿಳಿದುಕೊಳ್ಳುವುದು ಅಗತ್ಯ. ಬ್ಯಾಂಕ್ ಶಾಖೆ ದೂರವಿರುವ ಹಳ್ಳಿಗಳಿಗೆಂದು ರೂಪಿಸಿದ ಸೌಲಭ್ಯವಿದು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಊರಿನ ಬ್ಯಾಂಕ್ ಮಿತ್ರನ ಕೈಯಂತ್ರದಲ್ಲಿ ಒಂದು ಬಾರಿಗೆ ಗರಿಷ್ಠ 10,000 ರೂಪಾಯಿ ತೆಗೆಯಬಹುದು. ಸಹಿ ಬಾರದ ವೃದ್ಧೆಗೆ ಇದು ವರವೇ ಸರಿ. ಆದರೆ ಮೂರು ಬೀಗದ ಕೈಗಳಲ್ಲಿ ಬ್ಯಾಂಕಿನ ಹೆಸರನ್ನು ಊಹಿಸಬಹುದು. ಉಳಿದ ಎರಡೂ ಜಮೀನಿನ ಒಂದೇ ಪತ್ರದ ಪುಟದಲ್ಲಿ ಮುದ್ರಿತವಾಗಿದ್ದವು. ಮುದ್ರಿತ ಬೆರಳ ಗುರುತಿನಿಂದ ಸಿಲಿಕಾನ್ ಅಥವಾ ರಬ್ಬರಿನಲ್ಲಿ ನಕಲು ಬೆರಳು ಮಾಡುವುದು ಕಠಿಣವಲ್ಲ.

ಇದರೊಳಗಿನ ವ್ಯಂಗ್ಯವನ್ನು ಘಟ್ಟದ ಜನ ಸುಲಭವಾಗಿ ಗ್ರಹಿಸಬಲ್ಲರು. ಹಸಿ ಅಡಿಕೆ ಸುಲಿದು, ಚೊಗರು ಹತ್ತಿ, ಕತ್ತಿ ಹಿಡಿದು ಬೆರಳಿನ ಗೆರೆ ಸವೆದವರನ್ನು ಪಡಿತರದ ಯಂತ್ರ ‘ಹೊಂದಾಣಿಕೆಯಿಲ್ಲ’ ಎಂದು ಹಿಂದಕ್ಕೆ ಕಳುಹಿಸುತ್ತದೆ. ಮಳೆಗಾಲದಲ್ಲಿ ಒಂದೊಂದು ಕೆಜಿ ಅಕ್ಕಿಗೂ ಬೆರಳನ್ನು ಒರೆಸಿ ಒರೆಸಿ ಒತ್ತಬೇಕು. ಕಾರ್ಖಾನೆಯ ರಬ್ಬರಿನ ಬೆರಳು ಎಂದೂ ಅಡಿಕೆ ಸುಲಿದಿಲ್ಲವಾದ್ದರಿಂದ ಅದಕ್ಕೆ ಈ ತೊಂದರೆಯಿಲ್ಲ.

ಪ್ರಕರಣದ ನಂತರ ಇಲಾಖೆಯು ಪತ್ರಗಳ ಪ್ರತಿಯಲ್ಲಿ ಆಧಾರ್ ಸಂಖ್ಯೆ ಹಾಗೂ ಬೆರಳಚ್ಚನ್ನು ಮರೆಮಾಡಲು ಕ್ರಮ ಕೈಗೊಂಡಿತು. ಅದು ಸರಿಯಾದ ಕ್ರಮವೇ, ಆದರೆ ಕೊಟ್ಟಿಗೆಯ ಬಾಗಿಲನ್ನು ಹಸು ಹೋದ ಮೇಲೆ ಹಾಕಿದಂತಾಯಿತು. ಗುಪ್ತಸಂಖ್ಯೆ ಸೋರಿದರೆ ಬದಲಿಸಬಹುದು. ಹೆಬ್ಬೆರಳನ್ನು ಬದಲಿಸುವುದು ಯಾವ ಕಚೇರಿಗೂ ಸಾಧ್ಯವಿಲ್ಲ. ಆದಕಾರಣ ಪ್ರತಿ ಮನೆಯವರೂ ಮಾಡಬಹುದಾದ ಒಂದು ಕೆಲಸವನ್ನು ಇಲ್ಲಿಯೇ ಹೇಳುವುದು ಉಚಿತ. ಎಂ-ಆಧಾರ್ ಆ್ಯಪ್‌ನಲ್ಲಾಗಲಿ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಾಗಲಿ ಜೈವಿಕ ಗುರುತಿಗೆ ಬೀಗ ಹಾಕುವ ಅವಕಾಶವಿದೆ. ಬೀಗ ಹಾಕಿದ ಮೇಲೆ ಪಡಿತರಕ್ಕೆ ಬೆರಳು ಒತ್ತುವ ದಿನ ಮಾತ್ರ ತಾತ್ಕಾಲಿಕವಾಗಿ ತೆರೆಯಬೇಕಾಗುತ್ತದೆ. ಹಣ ಹೋದಲ್ಲಿ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು. ಇಷ್ಟು ವಿಷಯವನ್ನು ಸಹಕಾರಿ ಸಂಘಗಳ ಫಲಕಗಳಲ್ಲಿ ಕನ್ನಡದಲ್ಲಿ ಬರೆದು ಹಾಕುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಖಾಸಗಿತನವೆಂದರೆ ನಗರದ ಸುಶಿಕ್ಷಿತರ ಚಪಲವೆಂಬ ಭಾವನೆ ಗ್ರಾಮೀಣ ಸಂಘಟನೆಗಳಲ್ಲಿ ಇನ್ನೂ ಇದೆ. ಈ ಹಕ್ಕಿಗಾಗಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಘೋಷಿಸಿತು. 2018ರ ಸೆಪ್ಟೆಂಬರಿನಲ್ಲಿ ಆಧಾರ್ ಕಾಯ್ದೆಯನ್ನು ಬಹುಮತದಿಂದ ಎತ್ತಿಹಿಡಿಯಲಾಯಿತಾದರೂ, ಸರಕಾರವು ಪ್ರಜೆಯಿಂದ ಏನನ್ನೇ ಪಡೆಯಬೇಕಾದರೂ ಅದಕ್ಕೆ ಕಾನೂನು ಬೇಕು, ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕ ಪ್ರಮಾಣವಿರಬೇಕು ಎಂಬ ಅಳತೆಗೋಲು ಸ್ಥಿರಗೊಂಡಿದೆ. ತೂಕಕ್ಕೆ ತಕ್ಕ ಬಟ್ಟು ಎಂಬುದು ಅಡಿಕೆ ವಖಾರಿಯಲ್ಲಿ ಎಲ್ಲರಿಗೂ ಗೊತ್ತಿರುವ ನ್ಯಾಯ.

2025ರ ನವೆಂಬರ್ 28ರ ಆದೇಶವನ್ನು ಈ ಅಳತೆಗೋಲಿನಿಂದ ನೋಡಬೇಕು. ಮಾರಾಟವಾಗುವ ಪ್ರತಿ ಹೊಸ ಮೊಬೈಲಿನಲ್ಲಿಯೂ ‘ಸಂಚಾರ್ ಸಾಥಿ’ ಆ್ಯಪ್ ಮೊದಲೇ ಇರತಕ್ಕದ್ದು, ತೊಂಬತ್ತು ದಿನಗಳೊಳಗೆ ಇದನ್ನು ಪಾಲಿಸತಕ್ಕದ್ದು, ಅದರ ಕಾರ್ಯಗಳನ್ನು ಕುಂಠಿತಗೊಳಿಸತಕ್ಕದ್ದಲ್ಲ ಎಂದು ದೂರಸಂಪರ್ಕ ಇಲಾಖೆ ತಯಾರಕರಿಗೆ ಸೂಚಿಸಿತು. ಕಳೆದ ಮೊಬೈಲನ್ನು ಸ್ತಬ್ಧಗೊಳಿಸಲು, ತನ್ನ ಹೆಸರಿನಲ್ಲಿ ಬೇರೆಯವರು ಸಿಮ್ ಪಡೆದಿದ್ದಾರೆಯೇ ಎಂದು ನೋಡಲು ಆ ಆ್ಯಪ್ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಬೇಕಾದವರು ಹಾಕಿಕೊಳ್ಳಲಿ. ದೇಶದ ಎಲ್ಲರ ಕಿಸೆಯೊಳಗೂ ಸರಕಾರದ ಒಂದು ತಂತ್ರಾಂಶ ಕೇಳದೆಯೇ ಇರಬೇಕೆನ್ನುವುದು ಬೇರೆಯೇ ಮಾತು. ವ್ಯಾಪಕ ವಿರೋಧದ ಬಳಿಕ ಡಿಸೆಂಬರ್ 3ರಂದು ಕಡ್ಡಾಯವನ್ನು ಹಿಂತೆಗೆಯಲಾಯಿತು. ಭಟ್ಕಳದಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿರುವ ಮಗನೊಡನೆ ದಿನವೂ ಮಾತಾಡುವ ಮನೆಗಳು ಸಾವಿರಾರು. ಕೆಲವೇ ವ್ಯಕ್ತಿಗಳ ಅಪರಾಧದ ಕಾರಣಕ್ಕೆ ಊರಿನ ಹೆಸರಿಗೇ ಸಂಶಯ ಅಂಟಿಕೊಂಡು, ಮಲ್ಲಿಗೆ ಬೆಳೆಯುವವರೂ ಬಲೆ ಹೆಣೆಯುವವರೂ ಅದನ್ನು ಹೊರಬೇಕಾಗಿ ಬಂದಿದೆ. ಎಲ್ಲರನ್ನೂ ನೋಡುವ ಕಣ್ಣು ಎಲ್ಲರನ್ನೂ ಒಂದೇ ರೀತಿ ನೋಡುವುದಿಲ್ಲವೆಂಬುದನ್ನು ಆ ಊರಿಗೆ ಯಾರೂ ಕಲಿಸಬೇಕಿಲ್ಲ.

ಪರಿಸರದ ಕೆಲಸಕ್ಕೂ ಇದಕ್ಕೂ ಸಂಬಂಧವೇನು ಎಂದು ಕೇಳುವವರಿದ್ದಾರೆ. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆ ಹೊರಬಂದಾಗ, ಅದನ್ನು ಪ್ರಾದೇಶಿಕ ಭಾಷೆಗಳಲ್ಲಿ ಪ್ರಕಟಿಸುವಂತೆ ದೆಹಲಿ ಉಚ್ಚ ನ್ಯಾಯಾಲಯ ಹೇಳಬೇಕಾಯಿತು. ಕನ್ನಡದಲ್ಲಿ ಪ್ರಚಾರವಾಗದ ಬಗ್ಗೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿಯೂ ವ್ಯಾಜ್ಯ ನಡೆದು ಅಂತಿಮ ಪ್ರಕಟಣೆಗೆ ತಡೆ ಬಿತ್ತು. ಅದೇ ಜುಲೈಯಲ್ಲಿ, ಆಕ್ಷೇಪಣೆಯ ಪತ್ರಗಳನ್ನು ಸಚಿವರಿಗೆ ಕಳುಹಿಸುವಂತೆ ಜನರನ್ನು ಕೋರಿದ್ದ ಯುವಕರ ಜಾಲತಾಣವೊಂದನ್ನು ನಿರ್ಬಂಧಿಸಿ, ಭಯೋತ್ಪಾದನೆ ತಡೆ ಕಾಯ್ದೆಯನ್ನು ಉಲ್ಲೇಖಿಸಿದ ನೋಟೀಸನ್ನು ದೆಹಲಿ ಪೊಲೀಸರು ಕಳುಹಿಸಿದರು. ಅದು ಅಚಾತುರ್ಯದಿಂದ ಹೋಯಿತೆಂದು ಬಳಿಕ ಹಿಂಪಡೆದರು. 2021ರ ಫೆಬ್ರವರಿ 13ರಂದು ಬೆಂಗಳೂರಿನ ಪರಿಸರ ಕಾರ್ಯಕರ್ತೆ ದಿಶಾ ರವಿಯವರನ್ನು, ರೈತ ಚಳವಳಿಗೆ ಸಂಬಂಧಿಸಿದ ಒಂದು ಆನ್‌ಲೈನ್ ಕಡತವನ್ನು ತಿದ್ದಿದ ಆರೋಪದ ಮೇಲೆ ಬಂಧಿಸಿ ದೆಹಲಿಗೆ ಒಯ್ಯಲಾಯಿತು. ಸಾಕ್ಷ್ಯ ಸಾಲದೆಂದು ಹತ್ತು ದಿನಗಳ ಬಳಿಕ ನ್ಯಾಯಾಲಯ ಜಾಮೀನು ನೀಡಿತು. ಕರಪತ್ರವನ್ನು ಕಾಗದದಲ್ಲಿ ಬರೆಯುವ ಬದಲು ಪರದೆಯಲ್ಲಿ ಬರೆದರೆ ಅದು ಸಂಚಾಗುವುದೆಂಬ ತರ್ಕ ಒಪ್ಪತಕ್ಕದ್ದಲ್ಲ.

ಜಿಲ್ಲೆಯ ಅರಣ್ಯವಾಸಿಗಳ ಪ್ರಶ್ನೆ ಇನ್ನೂ ಸೂಕ್ಷ್ಮ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಪಹಣಿಯೇ ಇಲ್ಲದೆ ಗುಡ್ಡದ ಅಂಚಿನಲ್ಲಿ ಸಾಗುವಳಿ ಮಾಡಿಕೊಂಡಿರುವ ಕುಟುಂಬಗಳು ಬಹಳ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರು ಅರ್ಜಿ ಕೊಟ್ಟು, ಜಿಪಿಎಸ್ ಅಳತೆಗೆ ತಾವಾಗಿಯೇ ಜಾಗ ತೋರಿಸಿದರು. ಹೀಗೆ ಪ್ರತಿಯೊಬ್ಬನ ಸಾಗುವಳಿಯ ಅಕ್ಷಾಂಶ ರೇಖಾಂಶಗಳು ಸರಕಾರದ ಕಡತ ಸೇರಿದವು. ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾದವು. ಹಕ್ಕಿಗೆಂದು ಕೊಟ್ಟ ವಿವರ ನಾಳೆ ಒಕ್ಕಲೆಬ್ಬಿಸುವ ಪಟ್ಟಿಯಾಗಬಾರದೆಂಬ ಭಯ ಅಕಾರಣವಲ್ಲ. ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ನಿರಾಕರಿಸಿದ್ದರೆ, 2012ರ ತಿದ್ದುಪಡಿ ನಿಯಮಗಳನ್ನು ಓದಬೇಕು: ಉಪಗ್ರಹ ಚಿತ್ರವು ಇತರ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಸ್ಥಾನದಲ್ಲಿ ನಿಲ್ಲತಕ್ಕದ್ದಲ್ಲ. ಅಡಿಕೆ, ಹಲಸು, ಮುರುಗಲು ಕಲೆತ ತೋಟ ಮೇಲಿನಿಂದ ನೋಡಿದರೆ ಕಾಡಿನಂತೆಯೇ ಕಾಣುವುದು ಸಹಜ. ಸಸ್ಯಶಾಸ್ತ್ರ ಬಲ್ಲವರು ಅದನ್ನು ಒಳ್ಳೆಯ ತೋಟವೆಂದು ಕರೆಯುತ್ತಾರೆ.

ಪ್ರಜೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರುವ ಹೊತ್ತಿನಲ್ಲಿಯೇ ಎರಡನೆಯ ಪರದೆ ಆಚೆಗೆ ತಿರುಗುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಅಧಿಸೂಚಿತವಾದವು. ದತ್ತಾಂಶ ಇಟ್ಟುಕೊಂಡವರ ಮೇಲಿನ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಅವಧಿ ನೀಡಲಾಗಿದೆ. ಆದರೆ ಅದೇ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ವಿಧಿಗೆ ಮಾಡಿದ ತಿದ್ದುಪಡಿ ತಕ್ಷಣವೇ ಜಾರಿಗೆ ಬಂತು. ಮೊದಲು ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ವೈಯಕ್ತಿಕ ವಿವರಗಳನ್ನು ಮಾತ್ರ ನಿರಾಕರಿಸಬಹುದಿತ್ತು. ಈಗ ‘ವೈಯಕ್ತಿಕ ಮಾಹಿತಿ’ ಎಂಬ ಎರಡು ಪದಗಳೇ ನಿರಾಕರಣೆಗೆ ಸಾಕು. ಸಂಸತ್ತಿಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸಬಾರದೆಂಬ ವಾಕ್ಯವನ್ನೂ ತೆಗೆದುಹಾಕಲಾಗಿದೆ. ಇನ್ನೊಂದೆಡೆ, ಸರಕಾರದ ಅಂಗಸಂಸ್ಥೆಗಳಿಗೆ ಈ ಕಾಯ್ದೆಯಿಂದಲೇ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರವು ತನ್ನಲ್ಲಿರಿಸಿಕೊಂಡಿದೆ. ರಕ್ಷಣೆಗೆ ಅವಧಿ, ಮರೆಗೆ ಆತುರ.

ಗೇರುಸೊಪ್ಪೆಯಲ್ಲಿ ಇದರ ಪರಿಣಾಮ ಊಹಿಸುವುದು ಕಷ್ಟವಲ್ಲ. ಶರಾವತಿ ಕಣಿವೆಯ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಸಾರ್ವಜನಿಕ ಅಹವಾಲು 2025ರ ಸೆಪ್ಟೆಂಬರಿನಲ್ಲಿ ಅಲ್ಲಿ ನಡೆಯಿತು. ಸಿಂಗಳೀಕಗಳ ಹೆಸರಿನ ಅಭಯಾರಣ್ಯದೊಳಗೇ ಸುರಂಗ ತೋಡುವ ಯೋಜನೆಯಿದು. 2006ರ ಅಧಿಸೂಚನೆಯಂತೆ ಕನ್ನಡದಲ್ಲಿ ಕೊಡಲೇಬೇಕಾದದ್ದು ವರದಿಯ ಸಾರಾಂಶವನ್ನು ಮಾತ್ರ; ಪೂರ್ಣ ವರದಿಯನ್ನಲ್ಲ. ಮೂವತ್ತು ದಿನಗಳಲ್ಲಿ ನದಿ ತೀರದ ಕೃಷಿಕ ಅದನ್ನು ಗ್ರಹಿಸಿ ಉತ್ತರಿಸಬೇಕು. ಅವನ ಪಹಣಿ, ಬೆಳೆ, ಬ್ಯಾಂಕ್ ಖಾತೆ, ಬೆರಳು ಎಲ್ಲವೂ ಕ್ಷಣಮಾತ್ರದಲ್ಲಿ ಕಚೇರಿಗೆ ದೊರೆಯುತ್ತವೆ. ಮರ ಎಣಿಸಿದವರು ಯಾರು, ಒಪ್ಪಿಗೆಯ ಟಿಪ್ಪಣಿ ಬರೆದ ಅಧಿಕಾರಿ ಯಾರು, ಗ್ರಾಮಸಭೆಯ ನಡಾವಳಿಗೆ ಸಹಿ ಹಾಕಿದವರು ಯಾರು ಎಂದು ಅವನು ಕೇಳಿದರೆ ‘ವೈಯಕ್ತಿಕ ಮಾಹಿತಿ’ ಎಂಬ ಹಿಂಬರಹ ಬರಬಹುದು.

ಹಾಗೆ ಬಂದಲ್ಲಿ ಸುಮ್ಮನಾಗುವ ಅಗತ್ಯವಿಲ್ಲ. 8(2)ನೇ ವಿಧಿಯನ್ನು ತಿದ್ದುಪಡಿ ಮುಟ್ಟಿಲ್ಲ. ಸಾರ್ವಜನಿಕ ಹಿತವು ಹೆಚ್ಚಿನದಾದಲ್ಲಿ ವಿನಾಯಿತಿಯಿರುವ ಮಾಹಿತಿಯನ್ನೂ ಕೊಡಬಹುದೆಂದು ಅದು ಹೇಳುತ್ತದೆ. 4ನೇ ವಿಧಿಯಂತೆ, ಜನರನ್ನು ಬಾಧಿಸುವ ತೀರ್ಮಾನಗಳ ಸಂಗತಿಗಳನ್ನು ಇಲಾಖೆ ಕೇಳದೆಯೇ ಪ್ರಕಟಿಸತಕ್ಕದ್ದು. ಅರ್ಜಿ ಬರೆಯುವಾಗಲೇ ಈ ಎರಡು ವಿಧಿಗಳನ್ನು ಹೆಸರಿಸಿ, ಹಿತವೇನೆಂಬುದನ್ನು ನಾಲ್ಕು ಸಾಲಿನಲ್ಲಿ ವಿವರಿಸಬೇಕು. ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅರಣ್ಯ ಹಕ್ಕು ಸಮಿತಿಗಳು ಜಿಪಿಎಸ್ ನಕ್ಷೆಯ ಪ್ರತಿಯನ್ನು ಕೇಳಿ ಪಡೆದು ಗ್ರಾಮಸಭೆಯ ಕಡತದಲ್ಲಿ ಇರಿಸಿಕೊಳ್ಳುವುದೂ, ತಾಲೂಕು ಕಚೇರಿಗೆ ಹೋದವರು ತಮ್ಮ ಕಡೆಗೆ ತಿರುಗಿದ ಪರದೆ ಎಲ್ಲಿದೆಯೆಂದು ಲಿಖಿತವಾಗಿ ಕೇಳುವುದೂ ಈ ಮಳೆಗಾಲದೊಳಗೆ ಆಗಬಹುದಾದ ಕೆಲಸಗಳು.