ಕೊನೆಗಾರನಿಗೂ ಒಂದು ಹಗ್ಗ



2024ರ ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಒಂದು ಗೋಡೆಯ ಮೇಲೆ ಜಗತ್ತಿನ ಕಣ್ಣು ನೆಟ್ಟಿತ್ತು. ಅದರ ಎತ್ತರ 15 ಮೀಟರ್. ಅಮೆರಿಕದ ಸ್ಯಾಮ್ ವಾಟ್ಸನ್ ಎಂಬ ಯುವಕ ಅದನ್ನು 4.74 ಸೆಕೆಂಡುಗಳಲ್ಲಿ ಏರಿ ಅಂದಿನ ವಿಶ್ವದಾಖಲೆ ಸ್ಥಾಪಿಸಿದ. ಚಿನ್ನದ ಪದಕ ಇಂಡೋನೇಷ್ಯಾದ ವೆಡ್ರಿಕ್ ಲಿಯೊನಾರ್ಡೊ ಪಾಲಾಯಿತು. 15 ಮೀಟರ್ ಎಂದರೆ ಹೆಚ್ಚುಕಡಿಮೆ 50 ಅಡಿ. ಸೊರಬ ಅಥವಾ ಶಿಕಾರಿಪುರ ತಾಲ್ಲೂಕಿನ ಹಳೆಯ ಅಡಿಕೆ ತೋಟವೊಂದರಲ್ಲಿ ನಿಂತು ತಲೆಯೆತ್ತಿ ನೋಡಿದರೆ ಕಾಣುವ ಎತ್ತರವೂ ಅಷ್ಟೇ. ಕೆಲವು ಮರಗಳು ಅದಕ್ಕಿಂತಲೂ ಎತ್ತರ.

ಬಳ್ಳಿಗಾವಿಯ ಗಂಡಭೇರುಂಡ ಕಂಬವನ್ನು ಇಲ್ಲಿನ ಬಹುತೇಕರು ಕಂಡಿದ್ದೀರಿ. 1047ರಲ್ಲಿ ನಿಲ್ಲಿಸಿದ ಆ ಕಲ್ಲುಕಂಬ ಸುಮಾರು 30 ಅಡಿ ಇದೆ. ಅದನ್ನು ನೋಡಲು ಬಂದವರು ಎತ್ತರಕ್ಕೆ ಬೆರಗಾಗುತ್ತಾರೆ. ಅದೇ ಸೀಮೆಯ ತೋಟಗಳಲ್ಲಿ ಅದಕ್ಕಿಂತ ಎತ್ತರದ, ತೋಳಿನಲ್ಲಿ ತಬ್ಬಬಹುದಾದಷ್ಟು ಸಪೂರವಾದ, ಗಾಳಿಗೆ ತೊನೆಯುವ ಮರವನ್ನು ಒಬ್ಬ ಮನುಷ್ಯ ಬರಿಮೈಯಲ್ಲಿ ಏರಿ ಕುಳಿತಿದ್ದರೆ ಯಾರೂ ನಿಂತು ನೋಡುವುದಿಲ್ಲ. ಅವನು ಕೊನೆಗಾರ. ಕೆಲವು ಕಡೆ ಅವನನ್ನು ಕೊನೆಗೌಡ ಎಂದೂ ಕರೆಯುತ್ತಾರೆ. ಪ್ಯಾರಿಸ್‌ನ ಆಟಗಾರನ ಸೊಂಟಕ್ಕೆ ಹಗ್ಗ ಕಟ್ಟಿತ್ತು, ಕಾಲಲ್ಲಿ ಅದಕ್ಕೆಂದೇ ತಯಾರಿಸಿದ ಬೂಟು ಇತ್ತು. ಕೊನೆಗಾರನಿಗೆ ಇವೆರಡೂ ಇಲ್ಲ. ಈ ವ್ಯತ್ಯಾಸ ಏಕೆ ಎಂಬುದೇ ಇಂದಿನ ಮಾತಿನ ವಿಷಯ.

ಏರುವುದು ಮನುಷ್ಯನಿಗೆ ಹೊಸದಲ್ಲ. ಭಕ್ತಿಗಾಗಿ ಏರಿದ್ದಾನೆ, ಯುದ್ಧಕ್ಕಾಗಿ ಏರಿದ್ದಾನೆ, ಆರೋಗ್ಯಕ್ಕಾಗಿ, ಆಟಕ್ಕಾಗಿ, ಕೊನೆಗೆ ಕೂಲಿಗಾಗಿಯೂ ಏರುತ್ತಿದ್ದಾನೆ. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ಶ್ರವಣಬೆಳಗೊಳದ ಬಂಡೆಯಲ್ಲೇ ಕಡಿದ ಮೆಟ್ಟಿಲು ಭಕ್ತಿಯ ದಾರಿಗಳು. ಚಿತ್ರದುರ್ಗದ ಕೋಟೆಗೋಡೆ ಶತ್ರು ಏರಬಾರದೆಂದು ಕಟ್ಟಿದ್ದು. ಇಂದು ಅದೇ ಗೋಡೆಯನ್ನು ಹಗ್ಗವಿಲ್ಲದೆ ಏರಿ ಜ್ಯೋತಿರಾಜ್ ಅವರು 'ಕೋತಿರಾಜ' ಎಂದು ಹೆಸರಾಗಿದ್ದಾರೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 1,576 ಮೆಟ್ಟಿಲುಗಳನ್ನು ಓಡುತ್ತಾ ಏರುವ ಸ್ಪರ್ಧೆ 1978ರಲ್ಲೇ ಆರಂಭವಾಯಿತು. ನಗರದ ವ್ಯಾಯಾಮಶಾಲೆಗಳಲ್ಲಿ ಹಣ ಕೊಟ್ಟು, ಎಲ್ಲಿಗೂ ತಲುಪದ ಯಂತ್ರದ ಮೆಟ್ಟಿಲು ಹತ್ತುವವರಿದ್ದಾರೆ. ಹೃದಯಕ್ಕೆ ಅದು ಒಳ್ಳೆಯದೇ.

ಈಗ ಒಂದು ಸಣ್ಣ ಲೆಕ್ಕ. 15 ಮೀಟರ್ ಎತ್ತರವೆಂದರೆ ಒಂದೊಂದು 15 ಸೆಂಟಿಮೀಟರ್ ಇರುವ 100 ಮೆಟ್ಟಿಲುಗಳಿಗೆ ಸಮ. ಕೊನೆಗಾರನೊಬ್ಬ ದಿನಕ್ಕೆ 40 ಮರಗಳನ್ನು ಬುಡದಿಂದ ಏರಿದನೆಂದು ಇಟ್ಟುಕೊಳ್ಳಿ. ಅದು 4,000 ಮೆಟ್ಟಿಲು. ಚಾಮುಂಡಿ ಬೆಟ್ಟವನ್ನು ನಾಲ್ಕು ಸಲ ಹತ್ತಿದಂತೆ. ಮೀಟರಿನಲ್ಲಿ ಹೇಳುವುದಾದರೆ 600. ನಮ್ಮ ಜೋಗ ಜಲಪಾತದ ಎತ್ತರ 253 ಮೀಟರ್. ಅಂದರೆ ಆತ ದಿನವೊಂದಕ್ಕೆ ಎರಡು ಜೋಗಗಳಿಗಿಂತ ಹೆಚ್ಚು ಏರಿರುತ್ತಾನೆ. ಮೆಟ್ಟಿಲಿನಲ್ಲಾದರೆ ದಣಿದಾಗ ಕೂರಬಹುದು. ಮರದ ನಡುವೆ ಹಾಗೆ ಕೂರಲು ಬರುವುದಿಲ್ಲ.

ತಳೆ ಮತ್ತು ಬೂಟು

ಏರುವ ವಿದ್ಯೆಯ ಮೂಲ ಘರ್ಷಣೆ, ಅಂದರೆ ಎರಡು ಮೈಗಳ ನಡುವಿನ ಹಿಡಿತ. ಬಂಡೆ ಏರುವವರು ಮೊದಲು ಮೊಳೆ ಬಡಿದ ಭಾರವಾದ ಬೂಟು ಹಾಕುತ್ತಿದ್ದರು. 1930ರ ದಶಕದಲ್ಲಿ ಫ್ರಾನ್ಸಿನ ಪಿಯರ್ ಅಲೈನ್ ಎಂಬಾತ ನುಣುಪಾದ ರಬ್ಬರ್ ತಳದ ಹಗುರ ಬೂಟನ್ನು ರೂಪಿಸಿದ. 1980ರ ದಶಕದ ಆರಂಭದಲ್ಲಿ ಸ್ಪೇನಿನ ಕಂಪನಿಯೊಂದು ಇನ್ನೂ ಮೆದುವಾದ, ಕಲ್ಲಿಗೆ ಅಂಟಿಕೊಳ್ಳುವಂಥ ರಬ್ಬರಿನ ಬೂಟು ತಂದಿತು. ಬಂಡೆಯ ಮೇಲೆ ಅಸಾಧ್ಯವೆನಿಸಿದ್ದ ಎಷ್ಟೋ ದಾರಿಗಳು ಇದರಿಂದ ಸಾಧ್ಯವಾದವು. ಇಂಥ ಬೂಟು ತೊಟ್ಟವರನ್ನು ಬಾದಾಮಿಯ ಕೆಂಪು ಮರಳುಗಲ್ಲಿನ ಮೇಲೆ, ಹಂಪಿಯ ಗುಂಡುಗಳ ಮೇಲೆ ಈಗ ಪ್ರತಿ ಚಳಿಗಾಲದಲ್ಲೂ ಕಾಣಬಹುದು.

ಕೊನೆಗಾರ ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದ್ದಾನೆ. ಅವನ ಉಪಕರಣ ತಳೆ. ನಾರಿನಿಂದಲೋ ಹಗ್ಗದಿಂದಲೋ ಮಾಡಿದ ಒಂದು ಕುಣಿಕೆ ಅಷ್ಟೇ. ಎರಡೂ ಪಾದಗಳನ್ನು ಅದರೊಳಗೆ ತೂರಿಸಿದಾಗ ಕಾಲುಗಳು ಅಗಲವಾಗದಂತೆ ಅದು ಹಿಡಿಯುತ್ತದೆ. ಮೈಭಾರ ಕೆಳಕ್ಕೆ ಜಗ್ಗಿದಷ್ಟೂ ಅಂಗಾಲುಗಳು ಮರವನ್ನು ಎರಡೂ ಕಡೆಯಿಂದ ಹೆಚ್ಚು ಹೆಚ್ಚು ಒತ್ತುತ್ತವೆ. ಬೀಳಿಸಬೇಕಾದ ಭಾರವೇ ಹಿಡಿತವಾಗಿ ಬದಲಾಗುತ್ತದೆ. ಕೈಗಳಿಂದ ಮರವನ್ನು ತಬ್ಬಿ, ಮಂಡಿ ಮಡಚಿ ಪಾದಗಳನ್ನು ಮೇಲಕ್ಕೆಳೆದು, ಮತ್ತೆ ಕಾಲು ನೀಡಿ ಮೈಯನ್ನು ಎತ್ತುವ ಈ ಚಲನೆ ಕಂಬಳಿಹುಳದ ನಡೆಯಂತೆ ಕಾಣುತ್ತದೆ. ಭೌತಶಾಸ್ತ್ರದ ಪುಸ್ತಕ ತೆರೆಯದ ಯಾರೋ ಹಿರಿಯರು ಕಂಡುಕೊಂಡ ಈ ಉಪಾಯ ಆ ಅಂಟು ಬೂಟಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ.

ತುದಿ ತಲುಪಿದ ಮೇಲೆ ನಿಜವಾದ ಕೆಲಸ ಆರಂಭ. ಬಲಿತ ಕೊನೆ ಯಾವುದು, ಎಳೆಯದು ಯಾವುದು ಎಂದು ಅಲ್ಲೇ ನಿರ್ಧರಿಸಬೇಕು. ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಕೆಳಗಿನವನ ಕೈಗೆ ಜಾರಿಸಬೇಕು. ನುರಿತವನು ಅಲ್ಲಿಂದ ಇಳಿಯುವುದೇ ಇಲ್ಲ. ಪಕ್ಕದ ಮರವನ್ನು ಕೊಕ್ಕೆಯಿಂದ ಹತ್ತಿರಕ್ಕೆ ಎಳೆದು, ಮರ ಬಾಗುವ ಲಯ ನೋಡಿಕೊಂಡು ಅದಕ್ಕೆ ದಾಟುತ್ತಾನೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಮರಗಳಿರುತ್ತವೆ. ಪ್ರತಿ ಮರಕ್ಕೂ ಹತ್ತಿ ಇಳಿಯುವುದಾದರೆ ಕೊಯ್ಲು ಮುಗಿಯುವುದೇ ಇಲ್ಲ.

ಮಳೆಗಾಲದ ಮರ

ಕೊನೆಗಾರನ ಕೆಲಸ ಕೊಯ್ಲಿಗೆ ಮುಗಿಯುವುದಿಲ್ಲ. ಮಲೆನಾಡಿನ ಅಡಿಕೆಗೆ ದೊಡ್ಡ ಶತ್ರು ಕೊಳೆರೋಗ. ಹಿಂದೆ ಕರಡದ ಹುಲ್ಲಿನ ಕೊಟ್ಟೆ ಕಟ್ಟಿ ಕೊನೆಗಳನ್ನು ಮಳೆಯಿಂದ ಕಾಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು 1910ರಲ್ಲಿ ವಿವರಿಸಿದರು. ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿ ಅವರ ಕಾಲದಿಂದ ಬೆಳೆದು ಬಂತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಇದು ಇಂದಿಗೂ ರೈತರಿಗೆ ಬಾಯಿಪಾಠ.

ಆದರೆ ಔಷಧಿ ತಾನಾಗಿ ಮರದ ತುದಿಗೆ ಹೋಗುವುದಿಲ್ಲ. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಯಾರಾದರೂ ಪೈಪು ಹಿಡಿದು ಏರಲೇಬೇಕು. ಎರಡನೆಯ ಸಲ ಏರುವಾಗ ನಡು ಮಳೆಗಾಲ. ಕಾಂಡದ ಮೇಲೆ ಪಾಚಿ, ಮೈಮೇಲೆ ನೀರು. ವರ್ಷವಿಡೀ ಏರುವ ದಿನಗಳಲ್ಲಿ ಅತ್ಯಂತ ಅಪಾಯದವು ಇವು. ತಡವಾದರೆ ಫಸಲು ಉದುರುತ್ತದೆ ಎಂಬ ಆತಂಕ ತೋಟದವರಿಗೆ. ಕೊಯ್ಲಿನಲ್ಲಿಯೂ ಅಷ್ಟೇ. ಹಸಿರಾಗಿರುವಾಗಲೇ ಕೊಯ್ದು, ಸುಲಿದು, ಬೇಯಿಸಿದರೆ ಕೆಂಪಡಿಕೆ. ಕೊನೆಗಾರ ಸಿಗದೆ ಕಾಯಿ ಮರದಲ್ಲೇ ಹಣ್ಣಾದರೆ ಅದು ಆ ದರ್ಜೆಗೆ ಬಾರದು. ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆ ಧಾರಣೆ ಕೂಗುವಾಗ ಅದರ ಹಿಂದೆ ಒಬ್ಬ ಮನುಷ್ಯ ಸಕಾಲಕ್ಕೆ ಮರ ಏರಿದ್ದಾನೆಯೇ ಎಂಬ ಪ್ರಶ್ನೆಯೂ ಇರುತ್ತದೆ.

15 ಮೀಟರ್ ಮೇಲಿನಿಂದ ಕೈ ತಪ್ಪಿದರೆ ನೆಲ ಮುಟ್ಟಲು ಎರಡು ಸೆಕೆಂಡೂ ಬೇಡ. ಆಗಿನ ವೇಗ ಗಂಟೆಗೆ 60 ಕಿಲೋಮೀಟರಿನಷ್ಟು. ಬದುಕಿ ಉಳಿದರೂ ಬೆನ್ನುಹುರಿಗೆ ಪೆಟ್ಟು ಬಿದ್ದರೆ ಸೊಂಟದ ಕೆಳಗೆ ಸ್ವಾಧೀನ ಹೋಗುತ್ತದೆ. ದುಡಿಯುವ ಒಬ್ಬನೇ ಗಂಡಸು ಹಾಸಿಗೆ ಹಿಡಿದರೆ ಆ ಮನೆಯ ಸ್ಥಿತಿ ಏನೆಂದು ವಿವರಿಸಬೇಕಿಲ್ಲ. ಅಮೆರಿಕದ ಅಲೆಕ್ಸ್ ಹೊನಾಲ್ಡ್ 2017ರಲ್ಲಿ ಸುಮಾರು 900 ಮೀಟರಿನ ಎಲ್ ಕ್ಯಾಪಿಟನ್ ಬಂಡೆಯನ್ನು ಹಗ್ಗವಿಲ್ಲದೆ ಏರಿದಾಗ ಜಗತ್ತು ಉಸಿರು ಬಿಗಿಹಿಡಿಯಿತು. ಆ ಸಾಹಸದ ಚಿತ್ರಕ್ಕೆ ಆಸ್ಕರ್ ಬಂತು. ಹಗ್ಗ ಬೇಡವೆಂಬುದು ಅವರ ಆಯ್ಕೆ. ನಮ್ಮ ಕೊನೆಗಾರನಿಗೆ ಆ ಆಯ್ಕೆಯನ್ನು ಯಾರೂ ಕೊಟ್ಟಿಲ್ಲ.

'ಹೀಗೇ ನಡೆದು ಬಂದಿದೆ'

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ, 'ಅಜ್ಜನ ಕಾಲದಿಂದಲೂ ಹೀಗೇ ನಡೆದು ಬಂದಿದೆ' ಎಂಬುದು. ಏರುವ ರೀತಿಯನ್ನು ಬದಲಿಸಬಹುದು ಎಂಬುದಕ್ಕೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯೇ ಸಾಕ್ಷಿ. ವರದಾ ನದಿಯಲ್ಲಿ ಮಿಂದು ರೇಣುಕಾಂಬೆಯ ಗುಡ್ಡಕ್ಕೆ ಬೆತ್ತಲೆಯಾಗಿ ಸಾಗುವ ಸೇವೆ ಅಲ್ಲಿ ಬಹುಕಾಲ ನಡೆಯುತ್ತಿತ್ತು. ಅದನ್ನು ಸಲ್ಲಿಸುತ್ತಿದ್ದವರಲ್ಲಿ ಹೆಚ್ಚಿನವರು ಬಡವರು, ಕೆಳಜಾತಿಗಳವರು. 1986ರ ಮಾರ್ಚ್‌ನಲ್ಲಿ ಅದನ್ನು ವಿರೋಧಿಸಿದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಹಲ್ಲೆ ನಡೆದು ನಾಡೆಲ್ಲ ಸುದ್ದಿಯಾಯಿತು. ಆ ಬಳಿಕ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ದೇವಿಯ ಭಕ್ತಿಗೆ ಅದರಿಂದ ಕುಂದು ಬರಲಿಲ್ಲ. ಜನ ಇಂದೂ ಮೆಟ್ಟಿಲೇರಿ ಗುಹೆಯ ದೇಗುಲಕ್ಕೆ ಹೋಗುತ್ತಾರೆ, ಬಟ್ಟೆ ತೊಟ್ಟು ಹೋಗುತ್ತಾರೆ. ಕೊನೆಗಾರನದು ಹರಕೆಯಲ್ಲ, ಹೊಟ್ಟೆಪಾಡು. ಆದರೂ ಅಲ್ಲಿನ ಪಾಠ ಇಲ್ಲಿಗೂ ಸಲ್ಲುತ್ತದೆ: ಹಳೆಯದು ಎಂಬ ಒಂದೇ ಕಾರಣಕ್ಕೆ ಒಬ್ಬರ ಮೈಯನ್ನು ಅಪಾಯಕ್ಕೋ ಅವಮಾನಕ್ಕೋ ಒಡ್ಡಬೇಕಿಲ್ಲ.

ಇಂದು ಕೊನೆಗಾರರ ಕೊರತೆಯ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಅದನ್ನು ಬರೀ ನಷ್ಟವೆಂದು ನೋಡುವುದು ನ್ಯಾಯವಲ್ಲ. 1974ರ ಭೂಸುಧಾರಣೆ ತಿದ್ದುಪಡಿಯಿಂದ ಈ ಭಾಗದಲ್ಲಿ ಗೇಣಿದಾರರಾಗಿದ್ದ ಎಷ್ಟೋ ಕುಟುಂಬಗಳು ಭೂಮಿಯ ಒಡೆಯರಾದವು. ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿದರು. ಅಪ್ಪ ಏರಿದ ಮರವನ್ನು ಮಗನೂ ಏರಲೇಬೇಕೆಂಬ ಕಟ್ಟು ಸಡಿಲವಾದದ್ದು ಒಳ್ಳೆಯದೇ. ಆದರೆ ಅಡಿಕೆಯ ವಿಸ್ತೀರ್ಣ ಮಾತ್ರ ತೋಟದ ಸೀಮೆ ಬಿಟ್ಟು ಬಯಲಿನ ಗದ್ದೆಗಳಿಗೂ ಹಬ್ಬಿತು. ಮರಗಳು ಹೆಚ್ಚಾದವು, ಏರುವವರು ಕಡಿಮೆಯಾದರು. ಉಳಿದವರು ಹೆಚ್ಚು ಮರ, ಹೆಚ್ಚು ಅವಸರದಲ್ಲಿ ಏರಬೇಕಾಯಿತು.

ಪರಿಹಾರಗಳು ಬರುತ್ತಿವೆ. ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ರೂಪಿಸಿದ, ಕುಳಿತು ಏರುವ ಮೋಟಾರು ಯಂತ್ರ 2019ರಲ್ಲಿ ದೇಶದ ಗಮನ ಸೆಳೆಯಿತು. ವಿಟ್ಲದ ಸಿಪಿಸಿಆರ್‌ಐ ಕೇಂದ್ರದಲ್ಲಿ 2018ರಲ್ಲಿ ಯುವಕರಿಗೆ ಅಡಿಕೆ ಮರ ಏರುವ ತರಬೇತಿ ನಡೆಯಿತು. ನೆಲದಲ್ಲೇ ನಿಂತು ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಇಲ್ಲೊಂದು ಎಚ್ಚರಿಕೆ ಅಗತ್ಯ: ಅಲ್ಯುಮಿನಿಯಂನಂತೆ ಕಾರ್ಬನ್ ಫೈಬರ್ ಕೂಡ ವಿದ್ಯುತ್ ಹರಿಸುತ್ತದೆ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಆ ದೋಟಿಯೇ ಯಮಪಾಶವಾದೀತು.

ತೆಂಗಿನ ವಿಷಯದಲ್ಲಿ ಒಂದು ಮಾದರಿ ಈಗಾಗಲೇ ಇದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯಂತ್ರದ ನೆರವಿನಿಂದ ಮರ ಏರುವ ತರಬೇತಿ ಆರಂಭಿಸಿತು. ಕೇರಳದಲ್ಲಿ ಮಹಿಳೆಯರೂ ಕಲಿತು ಏರಿದರು. ಏರುವವರಿಗೆ 'ಕೇರ ಸುರಕ್ಷಾ' ಎಂಬ ಅಪಘಾತ ವಿಮೆಯೂ ಬಂತು. ತರಬೇತಿ, ಉಪಕರಣ, ವಿಮೆ ಮೂರೂ ಒಟ್ಟಿಗೆ ಸಿಕ್ಕಾಗ ಏರುವುದು ಒಂದು ಗೌರವದ ವೃತ್ತಿಯಾಗುತ್ತದೆ. ಅಡಿಕೆಯ ಕೊನೆಗಾರನಿಗೂ ಬೇಕಾದದ್ದು ಇದೇ.

ಸರ್ಕಾರ, ಸಹಕಾರ ಸಂಘಗಳು ಮಾಡಬೇಕಾದದ್ದು ಮಾಡಲಿ. ತೋಟದ ಯಜಮಾನರು ಕಾಯದೆಯೇ ಮಾಡಬಹುದಾದದ್ದು ಕೆಲವಿದೆ. ಸೊಂಟದ ಪಟ್ಟಿ, ಮರಕ್ಕೆ ಸುತ್ತುವ ಗಟ್ಟಿ ಹಗ್ಗವನ್ನು ತೋಟದ ಖರ್ಚಿಗೇ ಸೇರಿಸಿಕೊಳ್ಳಿ. ಗೊಬ್ಬರಕ್ಕೆ, ಮೈಲುತುತ್ತಕ್ಕೆ ಲೆಕ್ಕ ಇಡುವಂತೆ ಇದಕ್ಕೂ ಇಡಿ. ಮಳೆ ನಿಂತ ತಕ್ಷಣ ಏರಿಸಬೇಡಿ, ಕಾಂಡ ಆರಲಿ. ಒಬ್ಬನನ್ನೇ ತೋಟಕ್ಕೆ ಕಳಿಸಬೇಡಿ. ಯಾರಾದರೂ ಬಿದ್ದರೆ ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕಬೇಡಿ. ಕುತ್ತಿಗೆ, ಬೆನ್ನು ಬಾಗದಂತೆ ಹಾಗೆಯೇ ಮಲಗಿಸಿ 108ಕ್ಕೆ ಕರೆ ಮಾಡಿ. ಬೀಳುವಾಗ ಉಳಿದ ಬೆನ್ನುಹುರಿ ಎತ್ತುವಾಗ ಹೋಗುವುದುಂಟು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮಲ್ಲಿದೆ. ಅಡಿಕೆಗಾಗಿ ಹೋದ ಬೆನ್ನು, ಹೋದ ಜೀವವೂ ಹಾಗೆಯೇ. ಮದುವೆ ಮನೆಯ ತಾಂಬೂಲದ ತಟ್ಟೆಯಲ್ಲಿ ಅಡಿಕೆ ಗೌರವದ ವಸ್ತು. ಅದನ್ನು ಇಳಿಸಿ ಕೊಟ್ಟವನಿಗೂ ಆ ಗೌರವದ ಪಾಲು ಸಲ್ಲಬೇಕು. ಬರುವ ಕೊಯ್ಲಿಗೆ ಕತ್ತಿ ಮಸೆಯುವ ಮೊದಲು ಹಗ್ಗ ಗಟ್ಟಿಯಿದೆಯೇ ಎಂದು ನೋಡಿ.