ಸುಣ್ಣದ ಕೆಳಗಣ ಚಿತ್ರಗಳು



ಗೋಕಾಕದ ಬೊಂಬೆಯನ್ನು ಕಾಣದವರು ನಿಮ್ಮಲ್ಲಿ ವಿರಳ. ಬಣ್ಣ ಮಾಸಿದ ಬೊಂಬೆಗೆ ಕುಶಲಿಯಾದವನು ಮತ್ತೆ ಬಣ್ಣವನ್ನು ಕೊಟ್ಟು, ಹೊಸದಾಗಿ ಕಣ್ಣು ಹುಬ್ಬುಗಳನ್ನು ತಿದ್ದಬಲ್ಲನು. ಅದರಿಂದ ಯಾರಿಗೂ ನಷ್ಟವಿಲ್ಲ. ಹುಕ್ಕೇರಿ, ಮೂಡಲಗಿಗಳ ಕಡೆ ಹಬ್ಬ ಬಂದಿತೆಂದರೆ ಹಳೆಯ ಗೋಡೆಗೆ ಸುಣ್ಣ ಬಳಿಯುವುದೂ ನಿರಪಾಯವಾದ ವಾಡಿಕೆಯೆ. ಆದರೆ ಆ ಗೋಡೆಯಲ್ಲಿ ಚಿತ್ರವಿದ್ದರೆ? ಅದನ್ನು ಬೊಂಬೆಯಂತೆ ಹೊಸದು ಮಾಡಬಹುದೆ? ಇದಕ್ಕೆ ಉತ್ತರವನ್ನು ಹುಡುಕುವುದಕ್ಕಾಗಿ ನಿಮ್ಮನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಕರೆದೊಯ್ಯುವೆವು.

ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಈ ಬೇಸಗೆಯ ಅರಮನೆಯ ಪಡುವಣ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವು ಚಿತ್ರಿತವಾಗಿದೆ. ಗಾಯಗೊಂಡ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿದ್ದಾನೆ. ಸುತ್ತಲೂ ಚೌಕವಾಗಿ ನಿಂತ ಅವನ ಸೈನಿಕರು. ಮದ್ದಿನ ಬಂಡಿ ಸಿಡಿಯುತ್ತಿದೆ. ಫ್ರೆಂಚರ ಲಾಲಿ ದುರ್ಬೀನನ್ನು ಕಣ್ಣಿಗೆ ಹಿಡಿದಿದ್ದಾನೆ.

ಈ ಗೋಡೆಯ ಪಾಡು ವಿಚಿತ್ರವಾದುದು. 1799ರ ಮುತ್ತಿಗೆಗೆ ಮುಂಚೆಯೇ ಚಿತ್ರವು ಕೆಡಿಸಲ್ಪಟ್ಟಿದ್ದಿತು. ಕೋಟೆ ಬಿದ್ದ ಬಳಿಕ ಅಲ್ಲಿ ವಾಸಮಾಡಿದ ಕರ್ನಲ್ ವೆಲ್ಲೆಸ್ಲಿ, ಎಂದರೆ ಮುಂದೆ ವೆಲ್ಲಿಂಗ್ಟನ್ ಡ್ಯೂಕನಾದವನು, ತನ್ನವರ ಸೋಲಿನ ಚಿತ್ರವನ್ನು ತಾನೇ ಮರಳಿ ಸರಿಪಡಿಸಿದನು! ಆಮೇಲೆ ಮತ್ತೆ ಸುಣ್ಣ. 1855ರಲ್ಲಿ ಲಾರ್ಡ್ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲವನ್ನು ನೆನಪಿಟ್ಟಿದ್ದ ದೇಶೀಯ ಚಿತ್ರಗಾರನೊಬ್ಬನು ಅದನ್ನು ಪುನಃ ಜೀರ್ಣೋದ್ಧಾರ ಮಾಡಿದನು. ಹಾಗಾದರೆ ನಾವು ನೋಡುವುದು ಎಷ್ಟರ ಮಟ್ಟಿಗೆ ಟಿಪ್ಪುವಿನ ಕಾಲದ ಕುಂಚ, ಎಷ್ಟರ ಮಟ್ಟಿಗೆ ಒಬ್ಬನ ನೆನಪು? ಆ ಚಿತ್ರಗಾರನನ್ನು ನಾವು ಹಳಿಯಲಾರೆವು. ಅವನಿಲ್ಲದಿದ್ದರೆ ಬೇಯ್ಲಿಯ ಪಲ್ಲಕ್ಕಿ ನಮಗೆ ಹೀಗೆ ಕಾಣುತ್ತಿರಲಿಲ್ಲ. ಆದರೆ ಅವನ ದಾರಿಯನ್ನು ನಾವು ಹಿಡಿಯಲಾಗದು. ಮೂಲವನ್ನು ಕಂಡು ನೆನಪಿಟ್ಟವರು ಈಗ ಯಾರೂ ಉಳಿದಿಲ್ಲ.

ಸುಣ್ಣವನ್ನು ತೆಗೆಯುವುದೂ ಸುಲಭವಲ್ಲ. ಬಳಿದ ಸುಣ್ಣವು ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಹೀರಿ ಕಲ್ಲಾಗುವುದು. ಅಂಟಿನಲ್ಲಿ ಕಲಸಿ ಒಣಗಾರೆಯ ಮೇಲೆ ಹಚ್ಚಿದ ಬಣ್ಣವು ಅದಕ್ಕಿಂತ ಮೆತ್ತಗೆ. ನೀರಿನಿಂದ ತೊಳೆದರೆ ಅಂಟು ಕರಗುವುದು, ಒರಟಾಗಿ ಕೆರೆದರೆ ಬಣ್ಣವು ಸುಣ್ಣದೊಡನೆಯೇ ಎದ್ದುಬರುವುದು. ಚಿಕ್ಕ ಅಲಗಿನಿಂದ ಅಂಗುಲ ಅಂಗುಲವಾಗಿ ಬಿಡಿಸಬೇಕು. ಅಜಂತೆಯಲ್ಲಿ 1920ರ ಬಳಿಕ ನಿಜಾಮರ ಸರ್ಕಾರವು ಇಟಲಿಯಿಂದ ಇಬ್ಬರು ತಜ್ಞರನ್ನು ಕರೆಯಿಸಿತು. ಸಡಿಲಗೊಂಡ ಗಾರೆಯನ್ನು ಅವರು ಭದ್ರಪಡಿಸಿದರು, ನಿಜ. ಆದರೆ ಚಿತ್ರಗಳ ರಕ್ಷಣೆಗೆಂದು ಬಳಿದ ಅರಗಿನ ಮೆರುಗು ಕಾಲಕ್ರಮದಲ್ಲಿ ಕಂದಿ, ಅದನ್ನು ತೆಗೆಯುವುದೇ ಮುಂದಿನವರಿಗೆ ಕೆಲಸವಾಯಿತು. ಊಹೆ ಮೊದಲಾಗುವೆಡೆ ಜೀರ್ಣೋದ್ಧಾರವು ನಿಲ್ಲಬೇಕೆಂದು 1964ರಲ್ಲಿ ವೆನಿಸ್ಸಿನಲ್ಲಿ ಸೇರಿದ ತಜ್ಞರು ನಿಯಮವನ್ನು ಮಾಡಿದರು. ನಮಗೆ ಇದು ಸರಿಯೆಂದು ತೋರುವುದು, ಅರ್ಧ ಅಳಿಸಿದ ಕುದುರೆಯನ್ನು ನೋಡಲು ಬೇಸರವಾದರೂ ಸಹ.

ದರಿಯಾ ದೌಲತ್ತಿನಲ್ಲಿ ಬಿಸಿಲು ತಾಗದಂತೆ ಪರದೆಗಳನ್ನು ಇಳಿಬಿಟ್ಟಿರುವರು. ನಾವು ವಿದ್ಯಾರ್ಥಿಗಳೊಡನೆ ಹೋದಾಗ, ಏನೂ ಕಾಣದೆಂದು ಅವರು ಗೊಣಗಿದರು. ಹತ್ತು ನಿಮಿಷ ಸುಮ್ಮನೆ ನಿಂತ ಮೇಲೆ ಕಣ್ಣು ಪಳಗಿತು. ಒಬ್ಬೊಬ್ಬರೇ ಸಿಪಾಯಿಗಳು ಗೋಡೆಯಿಂದ ಹೊರಬಂದರು.

ಹುಕ್ಕೇರಿ, ಗೋಕಾಕಗಳ ಕಡೆಯ ಹಳೆಯ ವಾಡೆಗಳ ಒಡೆಯರಲ್ಲಿ ಒಂದು ಬೇಡಿಕೆ. ಸುಣ್ಣ ಉದುರಿದೆಡೆ ಕೆಂಪೋ ಹಸಿರೋ ಇಣಿಕಿದರೆ ಕೆರೆಯಬೇಡಿರಿ, ಒದ್ದೆ ಬಟ್ಟೆಯಿಂದ ಒರೆಸಲೂ ಬೇಡಿರಿ. ಮೊದಲು ಒಂದು ಛಾಯಾಚಿತ್ರವನ್ನು ತೆಗೆದು ಪುರಾತತ್ತ್ವ ಇಲಾಖೆಗೆ ಬರೆಯಿರಿ. ಆ ವರುಷ ಆ ಒಂದು ಗೋಡೆಗೆ ಹಬ್ಬದ ಸುಣ್ಣ ತಪ್ಪಲಿ.