ಬೈಕಿನ ಆರೈಕೆ, ಮೆಕ್ಯಾನಿಕ್‌ನ ಕೂಲಿ



ನಾಗಪುರದ ಬೇಸಿಗೆ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟಿದರೆ ಇಲ್ಲಿ ಯಾರೂ ಬೆರಗಾಗುವುದಿಲ್ಲ. ಬಿಸಿಲಲ್ಲಿ ಓಡಿ ಬಂದ ಟೈರಿನ ಗಾಳಿ ಅಳೆದರೆ ಹೆಚ್ಚೇ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಿಸಬೇಡಿ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿಸಿ. ಚೈನಿಗೆ ಎಣ್ಣೆ ಬಿಡುವ ಮೊದಲು ಧೂಳು ಒರೆಸಿ. ಆಯಿಲ್ ಮಟ್ಟ ನೋಡುವಾಗ ಗಾಡಿ ನೆಟ್ಟಗೆ ನಿಂತಿರಲಿ, ಸೈಡ್ ಸ್ಟ್ಯಾಂಡ್ ಮೇಲಲ್ಲ.

ಇಷ್ಟು ನಮ್ಮ ಕೈಯಲ್ಲಾಗುವ ಕೆಲಸ. ಉಳಿದದ್ದಕ್ಕೆ ಓಣಿಯ ಮೆಕ್ಯಾನಿಕ್ಕೇ ಬೇಕು. ನಮ್ಮ ಮೈಸೂರಿನ ಜಾವಾ, ಯೆಜ್ಡಿಗಳನ್ನೇ ನೋಡಿ. ಕಿಕ್ಕರ್ರೇ ಗೇರ್ ಲಿವರ್ ಕೂಡ ಆಗುವ ಆ ಗಾಡಿಗಳ ಕಾರ್ಖಾನೆ 1996ರಲ್ಲಿ ನಿಂತಿತು. ಆಮೇಲೂ ಅವು ರಸ್ತೆಯಲ್ಲಿ ಉಳಿದದ್ದು ಇಂಥವರ ಕೈಗುಣದಿಂದ.

ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಇಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವರಿಗೆ ಈಗ ಸ್ಕ್ಯಾನರ್ ಬೇಕು, ಅದಕ್ಕೆ ದುಡ್ಡು ಬೇಕು. ವಾರಂಟಿ ಮುಗಿದ ಗಾಡಿಯಾದರೆ ಬ್ರೇಕ್ ಶೂ, ಕ್ಲಚ್ ಕೇಬಲ್, ಆಯಿಲ್ ಬದಲಿಸುವ ಕೆಲಸಗಳನ್ನಾದರೂ ಅವರಿಗೇ ಕೊಡಿ. ಪ್ಲಗ್ ಒರೆಸಿಕೊಟ್ಟು "ರೆಹನೇ ದೋ, ಭಾವು" ಎಂದರೂ ಕೂಲಿ ಕೈಗಿಟ್ಟೇ ಹೊರಡಿ.